ಹಕ್ಕಳೆ ಎದ್ದ ಅಂಗಳಕ್ಕೆ ಹೊಸ ಮೈ

ಅಮೆರಿಕದ ಕೊಲರಾಡೊ ರಾಜ್ಯದ ರಾಜಧಾನಿ ಡೆನ್ವರ್ ಸಮುದ್ರಮಟ್ಟದಿಂದ 1,609 ಮೀಟರ್, ಅಂದರೆ ಸರಿಯಾಗಿ ಒಂದು ಮೈಲಿ ಎತ್ತರದಲ್ಲಿದೆ. ಪಶ್ಚಿಮಕ್ಕೆ ರಾಕಿ ಪರ್ವತಸಾಲು, ಪೂರ್ವಕ್ಕೆ ಹುಲ್ಲುಗಾವಲಿನ ಬಯಲು. ಅಲ್ಲಿ ಜನವರಿಯ ಸರಾಸರಿ ಗರಿಷ್ಠ ಉಷ್ಣತೆ ಸೊನ್ನೆಗಿಂತ ಸುಮಾರು 7 ಡಿಗ್ರಿ ಸೆಲ್ಸಿಯಸ್ ಮೇಲೆ. ಸರಾಸರಿ ಕನಿಷ್ಠ ಉಷ್ಣತೆ ಸೊನ್ನೆಗಿಂತ ಸುಮಾರು 7 ಡಿಗ್ರಿ ಕೆಳಗೆ. ರಾತ್ರಿ ಬಿದ್ದ ಹಿಮ ಮಧ್ಯಾಹ್ನದ ಬಿಸಿಲಿಗೆ ಕರಗುತ್ತದೆ, ಸಂಜೆಯಾದರೆ ಮತ್ತೆ ಗಡ್ಡೆಕಟ್ಟುತ್ತದೆ. ಅಲಾಸ್ಕದ ಫೇರ್‌ಬ್ಯಾಂಕ್ಸ್‌ನ ಚಳಿ ಇದಕ್ಕಿಂತ ಬಹಳ ಕಡು. ಆದರೆ ಅಲ್ಲಿ ಒಮ್ಮೆ ಹೆಪ್ಪುಗಟ್ಟಿದ ನೆಲ ತಿಂಗಳುಗಟ್ಟಲೆ ಹಾಗೇ ಬಿದ್ದಿರುತ್ತದೆ. ಡೆನ್ವರ್‌ನ ನೆಲವೋ ಸೊನ್ನೆಯ ಗೆರೆಯನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ದಾಟುತ್ತಲೇ ಇರುತ್ತದೆ. ಕಾಂಕ್ರೀಟಿಗೆ ಚಳಿಯ ಆಳಕ್ಕಿಂತ ಈ ಓಡಾಟದ ಏಟೇ ಹೆಚ್ಚು.

ಏಪ್ರಿಲ್ ಹೊತ್ತಿಗೆ ಅಲ್ಲಿನ ಬಡಾವಣೆಗಳಲ್ಲಿ ಆ ಏಟಿನ ಗುರುತುಗಳನ್ನು ನೋಡಬಹುದು. ಗ್ಯಾರೇಜಿನ ಬಾಗಿಲ ಮುಂದೆ ಕಾರು ನಿಲ್ಲುವ ಕಡೆ ಡ್ರೈವ್‌ವೇ ಹಕ್ಕಳೆ ಎದ್ದಿರುತ್ತದೆ. ಮೆಟ್ಟಿಲುಗಳ ಅಂಚು ಉದುರಿರುತ್ತದೆ. ಒಂದು ಚಕ್ಕೆಯನ್ನು ಎತ್ತಿ ಅಂಗೈಯಲ್ಲಿಟ್ಟು ನೋಡಿದರೆ, ಮೇಲ್ಮಗ್ಗುಲಿನಲ್ಲಿ ಕಟ್ಟುವಾಗ ಪೊರಕೆ ಎಳೆದ ಗೀರುಗಳು ಇನ್ನೂ ಇರುತ್ತವೆ. ಕೆಳಮಗ್ಗುಲು ಮರಳು ಮರಳಾಗಿರುತ್ತದೆ. ದಪ್ಪ ಎರಡು ಮೂರು ಮಿಲಿಮೀಟರ್. ಅದರಲ್ಲಿ ಜಲ್ಲಿಯ ಚೂರೂ ಇಲ್ಲ, ಬರೀ ಗಾರೆ. ಚಕ್ಕೆ ಬಿಟ್ಟುಹೋದ ಜಾಗದಲ್ಲಿ ಮಾತ್ರ ಜಲ್ಲಿಕಲ್ಲುಗಳು ತಲೆ ಎತ್ತಿ ಕಾಣುತ್ತವೆ.

ಮನೆಯವರ ಮುಂದೆ ಆಗ ಎರಡು ದಾರಿ. ಇಡೀ ಹಾಸನ್ನು ಒಡೆದು ತೆಗೆದು ಹೊಸದಾಗಿ ಹಾಕಿಸುವುದು ಒಂದು. ಹಳೆಯದರ ಮೇಲೆ ಕೆಲವೇ ಮಿಲಿಮೀಟರ್ ದಪ್ಪದ ಹೊಸ ಪದರ ಎಳೆಯುವುದು ಇನ್ನೊಂದು. ಎರಡನೆಯದು ಅಗ್ಗ, ಬೇಗ ಮುಗಿಯುತ್ತದೆ, ಅಂಗಡಿಯಲ್ಲಿ ಅದಕ್ಕೆಂದೇ ಚೀಲಗಳು ಸಿಗುತ್ತವೆ. ಹೀಗೆ ಎಳೆದ ಪದರ ಕೆಲವು ಮನೆಗಳಲ್ಲಿ ವರ್ಷಗಟ್ಟಲೆ ನಿಲ್ಲುತ್ತದೆ, ಕೆಲವು ಮನೆಗಳಲ್ಲಿ ಮೊದಲ ಚಳಿಗಾಲಕ್ಕೇ ಸಿಪ್ಪೆಯಂತೆ ಏಳುತ್ತದೆ. ವ್ಯತ್ಯಾಸ ಚೀಲದ ಬೆಲೆಯಲ್ಲಿ ಇರುವುದು ಕಡಿಮೆ. ಹಳೆಯ ಕಾಂಕ್ರೀಟು ಯಾಕೆ ಸೋತಿತು, ನೀರು ಎಲ್ಲಿಂದ ಬಂದು ಎಲ್ಲಿ ನಿಂತಿತು ಎಂಬುದನ್ನು ಮೊದಲು ತಿಳಿದುಕೊಂಡರೋ ಇಲ್ಲವೋ ಎಂಬುದೇ ನಿರ್ಣಾಯಕ.

ಮೇಲಿನ ಮೂರು ಮಿಲಿಮೀಟರ್

ಹತ್ತು ಸೆಂಟಿಮೀಟರ್ ದಪ್ಪದ ಹಾಸಿನಲ್ಲಿ ಮೇಲಿನ ಕೆಲವು ಮಿಲಿಮೀಟರ್ ಮಾತ್ರ ಕೆಡುವುದೇಕೆ? ಬಿಸಿಲು, ಹಿಮ, ಚಕ್ರ ಎಲ್ಲವೂ ಅಲ್ಲಿಗೇ ತಾಗುತ್ತವೆ ಎಂಬುದು ಅರ್ಧ ಉತ್ತರ. ಉಳಿದರ್ಧ ಅದು ಹುಟ್ಟಿದ ದಿನದಲ್ಲಿದೆ. ಕಾಂಕ್ರೀಟು ಸುರಿದ ಮೇಲೆ ಭಾರದ ಜಲ್ಲಿ, ಮರಳು ನಿಧಾನವಾಗಿ ಕೆಳಗಿಳಿಯುತ್ತವೆ. ನೀರು ಮೇಲೆದ್ದು ಬಂದು ತೆಳ್ಳಗೆ ನಿಲ್ಲುತ್ತದೆ. ಆ ನೀರು ಆರುವ ಮೊದಲೇ ಕರಣೆ ಆಡಿಸಿದರೆ ಅದು ಮೇಲಿನ ಪದರಕ್ಕೇ ಬೆರೆತುಹೋಗುತ್ತದೆ. ಕರಣೆ ಸಲೀಸಾಗಿ ಜಾರಲೆಂದು ಮೇಲಿಂದ ನೀರು ಚಿಮುಕಿಸುವ ಅಭ್ಯಾಸ ಎಲ್ಲ ದೇಶದ ಗಾರೆಯವರಲ್ಲೂ ಇದೆ. ಸಿಮೆಂಟಿಗೆ ನೀರಿನ ಪ್ರಮಾಣ ಹೆಚ್ಚಿದಷ್ಟೂ ಗಟ್ಟಿಯಾದ ಮೇಲೆ ಉಳಿಯುವ ಸೂಕ್ಷ್ಮರಂಧ್ರಗಳು ಹೆಚ್ಚು, ಬಲ ಕಡಿಮೆ. ಚಳಿ ನಾಡಿನಲ್ಲಿ ತೂಕದ ಲೆಕ್ಕದಲ್ಲಿ ಸಿಮೆಂಟಿನ ಶೇ 45ಕ್ಕಿಂತ ಹೆಚ್ಚು ನೀರು ಬೇಡ ಎಂಬುದು ರೂಢಿಯ ನಿಯಮ. ಕೆಳಗೆಲ್ಲ ಆ ನಿಯಮ ಪಾಲಿಸಿದ ಹಾಸಿನಲ್ಲೂ ಮೇಲಿನ ಎರಡು ಮೂರು ಮಿಲಿಮೀಟರಿನಲ್ಲಿ ಅದು ತಪ್ಪಿರಬಹುದು.

ನುಣುಪು ಮಾಡುವ ಉಕ್ಕಿನ ಕರಣೆಯಿಂದ ಇನ್ನೊಂದು ತೊಂದರೆ. ಮೇಲ್ಮೈಯನ್ನು ಬೇಗ ತಿಕ್ಕಿ ಮುಚ್ಚಿಬಿಟ್ಟರೆ ಕೆಳಗಿನಿಂದ ಇನ್ನೂ ಏಳುತ್ತಿರುವ ನೀರು, ಗಾಳಿ ಆ ಪೊರೆಯ ಅಡಿಯಲ್ಲಿ ಸಿಕ್ಕಿಬೀಳುತ್ತವೆ. ಅಲ್ಲೊಂದು ಕಣ್ಣಿಗೆ ಕಾಣದ ಬಿಡುವು ಹುಟ್ಟುತ್ತದೆ. ಚಳಿ ನಾಡಿನ ಹೊರಾಂಗಣದ ಕಾಂಕ್ರೀಟನ್ನು ಕನ್ನಡಿಯಂತೆ ನುಣುಪು ಮಾಡದೆ ಪೊರಕೆ ಎಳೆದು ಬಿಡುವುದಕ್ಕೆ ಕಾಲು ಜಾರಬಾರದೆಂಬುದು ಒಂದು ಕಾರಣ, ಈ ಬಿಡುವು ಹುಟ್ಟಬಾರದೆಂಬುದು ಇನ್ನೊಂದು.

ಗುಳ್ಳೆಗಳ ಉಪಕಾರ

ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಹಾಗಾಗಿ ರಂಧ್ರವೊಂದು ಶೇ 92ರಷ್ಟು ತುಂಬಿರುವವರೆಗೆ ಹಿಗ್ಗಲು ಜಾಗವಿದೆ, ಅದರಾಚೆ ಇಲ್ಲ. ಒಣ ಕಾಂಕ್ರೀಟಿಗೆ ಎಷ್ಟು ಚಳಿಯಾದರೂ ಅಪಾಯ ಕಡಿಮೆ ಎನ್ನುವುದು ಇದೇ ಲೆಕ್ಕದಿಂದ. ಅಮೆರಿಕದ ಪೋರ್ಟ್‌ಲ್ಯಾಂಡ್ ಸಿಮೆಂಟ್ ಅಸೋಸಿಯೇಷನ್ನಿನ ಟಿ. ಸಿ. ಪವರ್ಸ್ 1945ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಒಂದು ಕಡೆ ಮಂಜುಗಡ್ಡೆ ಬೆಳೆಯುವಾಗ ಇನ್ನೂ ಹೆಪ್ಪುಗಟ್ಟದ ನೀರು ಕಿರಿದಾದ ರಂಧ್ರಗಳ ಮೂಲಕ ತಳ್ಳಲ್ಪಡುತ್ತದೆ, ಆ ತಳ್ಳಾಟದ ಒತ್ತಡವೇ ಸಿಮೆಂಟನ್ನು ಸೀಳುತ್ತದೆ ಎಂದು ವಾದಿಸಿದರು. ಜಾತ್ರೆಯ ನೂಕುನುಗ್ಗಲಿನಲ್ಲಿ ಸಿಕ್ಕವರಿಗೆ ಹತ್ತು ಹೆಜ್ಜೆಗೊಂದು ಪಕ್ಕದ ಓಣಿ ಸಿಕ್ಕಿದರೆ ಉಸಿರಾಡಬಹುದು. ಕಾಂಕ್ರೀಟಿನಲ್ಲಿ ಆ ಓಣಿಯ ಕೆಲಸವನ್ನು ಮಾಡುವುದು ಸೂಕ್ಷ್ಮ ಗಾಳಿಗುಳ್ಳೆಗಳು.

ಗುಳ್ಳೆಗಳ ಗುಣ ಗೊತ್ತಾದದ್ದು ಅನಿರೀಕ್ಷಿತವಾಗಿ. 1930ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ಕೆಲವು ಕಾಂಕ್ರೀಟ್ ರಸ್ತೆಗಳು ಚಳಿಗೂ ಉಪ್ಪಿಗೂ ಜಗ್ಗದೆ ನಿಂತವು. ಉಳಿದವು ಹಕ್ಕಳೆ ಎದ್ದವು. ಬಾಳಿಕೆ ಬಂದ ರಸ್ತೆಗಳ ಸಿಮೆಂಟಿನ ಮೂಲ ಹುಡುಕಿದಾಗ, ಕಾರ್ಖಾನೆಯಲ್ಲಿ ಅರೆಯುವಾಗ ದನದ ಕೊಬ್ಬಿನಂತಹ ಜಿಡ್ಡು ಬೆರೆತಿದ್ದದ್ದು ತಿಳಿಯಿತು. ಆ ಜಿಡ್ಡು ಸಾಬೂನಿನ ಹಾಗೆ ವರ್ತಿಸಿ ಕಾಂಕ್ರೀಟಿನಲ್ಲಿ ನೊರೆ ಎಬ್ಬಿಸಿತ್ತು. ಮುಂದೆ ಪೈನ್ ಮರದ ರಾಳದಿಂದ ಇದಕ್ಕೆಂದೇ ದ್ರವಗಳನ್ನು ತಯಾರಿಸಿದರು. ಈಗ ಡೆನ್ವರ್‌ನಂತಹ ಊರಿನಲ್ಲಿ ಹೊರಾಂಗಣಕ್ಕೆ ಸುರಿಯುವ ಕಾಂಕ್ರೀಟಿನ ಗಾತ್ರದಲ್ಲಿ ಶೇ 6ರ ಆಸುಪಾಸು ಗಾಳಿ ಇರಲೇಬೇಕು.

ಗಾಳಿಯ ಪ್ರಮಾಣಕ್ಕಿಂತ ಗುಳ್ಳೆಗಳ ಹಂಚಿಕೆ ಮುಖ್ಯ. ಸಿಮೆಂಟಿನ ಯಾವ ಬಿಂದುವಿನಿಂದಲೂ ಸುಮಾರು 0.2 ಮಿಲಿಮೀಟರಿನೊಳಗೆ ಒಂದು ಗುಳ್ಳೆ ಸಿಗಬೇಕು ಎಂಬ ಮಾನದಂಡವೂ ಪವರ್ಸ್ ಅವರ ಕೆಲಸದಿಂದಲೇ ಬಂದದ್ದು. ನಮ್ಮಲ್ಲಿ ಕಾಂಕ್ರೀಟು ಹಾಕುವಾಗ ವೈಬ್ರೇಟರ್ ಬಿಟ್ಟು ಗಾಳಿ ಹೊರಡಿಸುತ್ತಾರಲ್ಲ, ಅದು ಬಟಾಣಿ ಗಾತ್ರದ ಪೊಳ್ಳುಗಳನ್ನು ತೆಗೆಯಲಿಕ್ಕೆ. ಕೂದಲೆಳೆಗಿಂತ ಸಣ್ಣ ಗುಳ್ಳೆಗಳ ಮಾತೇ ಬೇರೆ. ಭಾರತದ ಕಾಂಕ್ರೀಟ್ ಸಂಹಿತೆ ಐಎಸ್ 456ರಲ್ಲೂ ಒದ್ದೆಯಲ್ಲಿ ಹೆಪ್ಪುಗಟ್ಟಿ ಕರಗುವ ತಾಣಗಳಿಗೆ ಗಾಳಿ ಸೇರಿಸುವ ಸೂಚನೆ ಇದೆ. ಹಿಮಾಲಯದ ಮಡಿಲಲ್ಲಿ ಅದು ಬೇಕು, ಕರ್ನಾಟಕದಲ್ಲಿ ಅದರ ಗೊಡವೆಯಿಲ್ಲ. ಗಾಳಿಗೆ ಬೆಲೆಯನ್ನೂ ತೆರಬೇಕು: ಪ್ರತಿ ಶೇ 1ರಷ್ಟು ಗಾಳಿಗೆ ಬಲ ಸುಮಾರು ಶೇ 5ರಷ್ಟು ಕುಗ್ಗುತ್ತದೆ.

ಪವರ್ಸ್ ಕೊಟ್ಟ ವಿವರಣೆ ಪೂರ್ತಿ ನಿಲ್ಲಲಿಲ್ಲ ಎಂಬುದೂ ಗಮನಿಸಬೇಕಾದದ್ದೇ. 1953ರಲ್ಲಿ ಅವರೂ ಹೆಲ್ಮುತ್ ಎಂಬವರೂ ಸೇರಿ ಅಳೆದಾಗ, ಗಾಳಿಗುಳ್ಳೆಗಳಿರುವ ಸಿಮೆಂಟು ಹೆಪ್ಪುಗಟ್ಟುವಾಗ ಹಿಗ್ಗುವ ಬದಲು ಕುಗ್ಗುವುದು ಕಂಡಿತು. ಬರೀ ತಳ್ಳಾಟದ ಒತ್ತಡದಿಂದ ಇದನ್ನು ವಿವರಿಸಲಾಗದು. ಗುಳ್ಳೆಯೊಳಗೆ ಬೆಳೆಯುವ ಮಂಜು ಸುತ್ತಲಿನ ಸಣ್ಣ ರಂಧ್ರಗಳ ನೀರನ್ನು ತನ್ನತ್ತ ಸೆಳೆದುಕೊಂಡು ಅವನ್ನು ಬರಿದು ಮಾಡುತ್ತದೆ ಎಂಬ ಹೊಸ ತಿಳಿವಳಿಕೆ ಬಂತು. ವಿವರಣೆ ಬದಲಾಯಿತು, ಗುಳ್ಳೆಯ ಉಪಕಾರ ಬದಲಾಗಲಿಲ್ಲ.

ಉಪ್ಪು ಮಾಡುವ ಕೆಲಸ

ಹಿಮ ಬಿದ್ದ ಕೂಡಲೇ ರಸ್ತೆಗೆ ಉಪ್ಪು ಎರಚುತ್ತಾರೆ. ಕೊಲರಾಡೊದಲ್ಲಿ ಮ್ಯಾಗ್ನೀಸಿಯಂ ಕ್ಲೋರೈಡಿನ ದ್ರಾವಣವನ್ನೂ ಧಾರಾಳವಾಗಿ ಬಳಸುತ್ತಾರೆ. ಮನೆಯವರು ತಮ್ಮ ಅಂಗಳಕ್ಕೆ ಒಂದು ಹರಳೂ ಹಾಕದಿದ್ದರೂ, ರಸ್ತೆಯ ಕೆಸರು ಹಿಮವನ್ನು ಹೊಟ್ಟೆಗೆ ಮೆತ್ತಿಕೊಂಡು ಬಂದ ಕಾರು ಅದನ್ನು ಗ್ಯಾರೇಜಿನ ಮುಂದೆ ತೊಟ್ಟಿಕ್ಕಿಸುತ್ತದೆ. ಕಾರು ನಿಲ್ಲುವ ಜಾಗವೇ ಮೊದಲು ಹಕ್ಕಳೆ ಏಳುವುದಕ್ಕೆ ಇದೇ ಕಾರಣ.

ಉಪ್ಪು ಕಾಂಕ್ರೀಟನ್ನು ‘ತಿನ್ನುತ್ತದೆ’ ಎಂದು ಜನ ಹೇಳುವುದುಂಟು. ಪ್ರಯೋಗಗಳು ತೋರಿಸಿದ್ದು ಬೇರೆ. 1957ರಲ್ಲಿ ವರ್ಬೆಕ್ ಮತ್ತು ಕ್ಲೀಗರ್ ಎಂಬ ಸಂಶೋಧಕರು ಕ್ಯಾಲ್ಸಿಯಂ ಕ್ಲೋರೈಡ್, ಅಡುಗೆ ಉಪ್ಪು, ಯೂರಿಯಾ, ಕೊನೆಗೆ ಆಲ್ಕೊಹಾಲ್ ಬೆರೆಸಿದ ನೀರನ್ನೂ ಕಾಂಕ್ರೀಟಿನ ಮೇಲೆ ನಿಲ್ಲಿಸಿ ಹೆಪ್ಪುಗಟ್ಟಿಸಿದರು. ನಾಲ್ಕರಲ್ಲೂ ಹಕ್ಕಳೆ ಎದ್ದಿತು. ಇಷ್ಟು ಬೇರೆ ಬೇರೆ ವಸ್ತುಗಳು ಒಂದೇ ಕೆಡುಕು ಮಾಡಬೇಕಾದರೆ ಅದರ ಬೇರು ರಾಸಾಯನಿಕ ಕ್ರಿಯೆಯಲ್ಲಿ ಇರಲಾರದು, ಭೌತಿಕವೇ ಇರಬೇಕು. ಗಾಢ ದ್ರಾವಣಕ್ಕಿಂತ ಶೇ 3ರ ಆಸುಪಾಸಿನ ತೆಳು ದ್ರಾವಣವೇ ಹೆಚ್ಚು ಹಾನಿ ಮಾಡಿತು ಎಂಬುದು ಇನ್ನೊಂದು ಅಚ್ಚರಿ.

ಈ ಒಗಟನ್ನು ಬಿಡಿಸಿದವರು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವ್ಯಾಲೆನ್ಜಾ ಮತ್ತು ಷೆರರ್, ಸುಮಾರು ಐದು ದಶಕಗಳ ನಂತರ. ಗಾಜಿನ ಮೇಲೆ ಅಂಟು ಬಳಿದು, ಅಂಟು ಕುಗ್ಗುವಾಗ ಗಾಜಿನ ಚಕ್ಕೆಗಳನ್ನೇ ಕಿತ್ತುಕೊಂಡು ಬರುವಂತೆ ಮಾಡುವ ಹಳೆಯ ಅಲಂಕಾರದ ಕಸುಬೊಂದು ಇದೆ. ಕಾಂಕ್ರೀಟಿನ ಮೇಲೆ ಅಂಟಿಕೊಂಡ ಮಂಜುಗಡ್ಡೆಯೂ ಹಾಗೆಯೇ ಮಾಡುತ್ತದೆ ಎಂದರು ಅವರು. ತಣ್ಣಗಾಗುತ್ತ ಹೋದಂತೆ ಮಂಜುಗಡ್ಡೆ ಕಾಂಕ್ರೀಟಿಗಿಂತ ಸುಮಾರು ಐದು ಪಟ್ಟು ಕುಗ್ಗುತ್ತದೆ. ಶುದ್ಧ ಮಂಜುಗಡ್ಡೆ ಗಟ್ಟಿ. ಆ ಎಳೆತವನ್ನು ತಾಳಿಕೊಳ್ಳುತ್ತದೆ. ತುಂಬ ಉಪ್ಪಿದ್ದರೆ ಗಡ್ಡೆ ಮೆತ್ತಗಾಗಿ ಎಳೆಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ನಡುವಿನ ಹದದಲ್ಲಿ ಮಾತ್ರ ಗಡ್ಡೆ ಬಿರುಕುಬಿಡುತ್ತದೆ. ಆ ಬಿರುಕು ಕಾಂಕ್ರೀಟಿನೊಳಗೂ ಇಳಿದು, ಮೇಲ್ಮೈಗೆ ಸಮಾನಾಂತರವಾಗಿ ತಿರುಗಿ ಒಂದು ತೆಳು ಚಕ್ಕೆಯನ್ನು ಎಬ್ಬಿಸುತ್ತದೆ. ಅಂಗೈಯಲ್ಲಿಟ್ಟು ನೋಡಿದ ಚಕ್ಕೆ ಎರಡು ಮೂರು ಮಿಲಿಮೀಟರ್ ಮಾತ್ರ ಇದ್ದುದಕ್ಕೆ ಇಲ್ಲಿ ಉತ್ತರವಿದೆ.

ಹಾಗೆಂದು ರಾಸಾಯನಿಕ ಹಾನಿ ಸುಳ್ಳೇನಲ್ಲ. ಮ್ಯಾಗ್ನೀಸಿಯಂ ಕ್ಲೋರೈಡ್ ದೀರ್ಘಕಾಲ ಇಂಗಿದರೆ ಸಿಮೆಂಟಿನ ಬಂಧಕ ವಸ್ತುವಿನಲ್ಲಿರುವ ಕ್ಯಾಲ್ಸಿಯಂ ಜಾಗಕ್ಕೆ ಮ್ಯಾಗ್ನೀಸಿಯಂ ಬಂದು ಕೂರುತ್ತದೆ. ಹೊಸದಾಗಿ ಹುಟ್ಟುವ ವಸ್ತುವಿಗೆ ಹಿಡಿದಿಡುವ ಗುಣವಿಲ್ಲ. ಅಮೋನಿಯಂ ನೈಟ್ರೇಟ್, ಅಮೋನಿಯಂ ಸಲ್ಫೇಟ್ ಗೊಬ್ಬರಗಳಂತೂ ಕಾಂಕ್ರೀಟಿಗೆ ನೇರ ವಿಷ. ಹಿಮ ಕರಗಿಸಲು ಅವನ್ನು ಎರಚಲೇಬಾರದು.

ತಟ್ಟಿ ಕೇಳುವ ಪರೀಕ್ಷೆ

ಹೊಸ ಪದರ ಹಾಕುವ ಮೊದಲು ಹಳೆಯ ಹಾಸನ್ನು ಪರೀಕ್ಷಿಸಲು ದುಬಾರಿ ಯಂತ್ರ ಬೇಡ. ಒಂದು ಸುತ್ತಿಗೆ ಸಾಕು. ದೊಡ್ಡ ಅಂಗಳವಾದರೆ ನೆಲದ ಮೇಲೆ ಎಳೆಯಲು ಒಂದು ತುಂಡು ಕಬ್ಬಿಣದ ಸರಪಳಿ. ಗಟ್ಟಿ ಕಾಂಕ್ರೀಟು ಠಣ್ ಎನ್ನುತ್ತದೆ. ಒಳಗೆ ಬಿಟ್ಟುಕೊಂಡ ಕಡೆ ಡಬ್ ಡಬ್ ಎಂದು ಟೊಳ್ಳು ಸದ್ದು. ಟೊಳ್ಳಾದ ಕಡೆಯೆಲ್ಲ ಸೀಮೆಸುಣ್ಣದಿಂದ ಗುರುತು ಮಾಡಿಕೊಂಡು ಹೋದರೆ ಅಂಗಳದ ನಕ್ಷೆಯೇ ಸಿಗುತ್ತದೆ. ಅಲ್ಲೊಂದು ಇಲ್ಲೊಂದು ತೇಪೆ ಕಂಡರೆ ಅವನ್ನು ಕಡಿದು ತೆಗೆದು ಮುಂದುವರಿಯಬಹುದು. ಅಂಗಳದ ಬಹುಭಾಗ ಟೊಳ್ಳಾದರೆ ಪದರದ ಯೋಚನೆ ಕೈಬಿಡುವುದು ಒಳ್ಳೆಯದು.

ಎರಡನೆಯ ಪರೀಕ್ಷೆ ಬಿರುಕುಗಳದ್ದು. ಕೂದಲೆಳೆಯ ಬಿರುಕಿಗೆ ಹೆದರಬೇಕಿಲ್ಲ. ಬಿರುಕಿನ ಒಂದು ಬದಿ ಇನ್ನೊಂದಕ್ಕಿಂತ ಎತ್ತರವಾಗಿದ್ದರೆ ಕಥೆ ಬೇರೆ, ಅಲ್ಲಿ ನೆಲವೇ ಅಲುಗಾಡಿದೆ. ಪರ್ವತದ ತಪ್ಪಲಿನಲ್ಲಿ ಇದಕ್ಕೆ ಎರಡು ಕಾರಣ. ಒಂದು ಮಣ್ಣಿನದು. ಡೆನ್ವರ್ ಸುತ್ತಲಿನ ಹಲವು ಬಡಾವಣೆಗಳ ಅಡಿಯಲ್ಲಿ ಪ್ರಾಚೀನ ಕಡಲತಳದ ಜೇಡಿಶಿಲೆ ಇದೆ. ನೀರು ಕುಡಿದರೆ ಉಬ್ಬುವ, ಒಣಗಿದರೆ ಕುಗ್ಗುವ ಆ ಜೇಡಿ ನಮ್ಮ ಉತ್ತರ ಕರ್ನಾಟಕದ ಎರೆಮಣ್ಣಿನ ಜೇಡಿಯ ಬಳಗಕ್ಕೇ ಸೇರಿದ್ದು. ಎರೆಭೂಮಿಯಲ್ಲಿ ಮನೆ ಕಟ್ಟಿದವರಿಗೆ ಅದರ ಆಟ ಹೇಳಿಕೊಡಬೇಕಿಲ್ಲ.

ಇನ್ನೊಂದು ಕಾರಣ ನೆಲದೊಳಗಿನ ಮಂಜು. ಡೆನ್ವರ್‌ನಲ್ಲಿ ಪಾಯವನ್ನು 36 ಇಂಚು ಕೆಳಗೆ ಇಳಿಸಬೇಕೆಂಬ ನಿಯಮ ಇರುವುದೇ ಚಳಿ ಅಷ್ಟು ಆಳಕ್ಕೆ ಇಳಿಯಬಹುದು ಎಂಬ ಲೆಕ್ಕದಿಂದ. ಡ್ರೈವ್‌ವೇಗೆ ಅಂಥ ಪಾಯವಿಲ್ಲ. ಮಣ್ಣಿನ ನೀರು ಹೆಪ್ಪುಗಟ್ಟಿ ಶೇ 9ರಷ್ಟು ಹಿಗ್ಗಿದ್ದರಿಂದ ನೆಲ ಏಳುತ್ತದೆ ಎಂದೇ ಮೊದಲು ನಂಬಿದ್ದರು. ಆದರೆ ಅಂಗುಲಗಟ್ಟಲೆ ಏಳುವ ನೆಲಕ್ಕೆ ಆ ಶೇ 9 ಯಾವ ಮೂಲೆಗೂ ಸಾಲದು. ದಕ್ಷಿಣ ಕೆರೊಲಿನಾದ ಭೂವಿಜ್ಞಾನಿ ಸ್ಟೀಫನ್ ಟೇಬರ್ 1929–30ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಮಣ್ಣಿಗೆ ನೀರಿನ ಬದಲು ಬೆಂಜೀನ್ ತುಂಬಿದರು. ಬೆಂಜೀನ್ ಹೆಪ್ಪುಗಟ್ಟುವಾಗ ಹಿಗ್ಗುವುದಿಲ್ಲ, ಕುಗ್ಗುತ್ತದೆ. ಆದರೂ ಮಣ್ಣು ಮೇಲೆದ್ದಿತು. ಅಂದರೆ ನೆಲವನ್ನು ಎತ್ತುವುದು ಹಿಗ್ಗುವಿಕೆ ಅಲ್ಲ. ಹೆಪ್ಪುಗಟ್ಟಿದ ಪದರ ಕೆಳಗಿನ ದ್ರವವನ್ನು ಮೇಲಕ್ಕೆ ಸೆಳೆದು ಸೆಳೆದು ತಾನು ದಪ್ಪವಾಗುವುದು. ನುಣ್ಣನೆಯ ಕಣಗಳ ಮಣ್ಣು, ಅದಕ್ಕೆ ನೀರಿನ ಪೂರೈಕೆ, ಜೊತೆಗೆ ಚಳಿ, ಈ ಮೂರೂ ಕೂಡಿದ ಕಡೆ ಹಾಸು ಮೇಲೇಳುತ್ತದೆ. ಅಲ್ಲಿ ಮಾಡಬೇಕಾದ ರಿಪೇರಿ ಸೂರಿನ ನೀರಿನ ಕೊಳವೆಯದು, ಚರಂಡಿಯದು. ಮೇಲಿನ ಪದರಕ್ಕೂ ಅದಕ್ಕೂ ಸಂಬಂಧವಿಲ್ಲ.

ಮೂರನೆಯದು ನೀರ ಹನಿಯ ಪರೀಕ್ಷೆ. ಹಾಸಿನ ಮೇಲೆ ಒಂದಿಷ್ಟು ನೀರು ಚೆಲ್ಲಿದರೆ ಅದು ಇಂಗಿ ಬಣ್ಣ ಗಾಢವಾಗಬೇಕು. ಮುತ್ತುಗಟ್ಟಿ ನಿಂತರೆ ಹಳೆಯ ಬಣ್ಣವೋ ಎಣ್ಣೆಯೋ ಮೇಣವೋ ಅಲ್ಲಿ ಇದೆ ಎಂದರ್ಥ. ನೀರಿಗೆ ದಾರಿ ಕೊಡದ ಮೈ ಹೊಸ ಗಾರೆಗೂ ಕೊಡುವುದಿಲ್ಲ.

ಆರು ಮಿಲಿಮೀಟರಿನ ಲೆಕ್ಕ

ಹೊಸ ಮೈ ಕೊಡುವ ಕೆಲಸದಲ್ಲಿ ಹೆಚ್ಚು ಬೆವರು ಹರಿಯುವುದು ತೆಗೆಯುವುದಕ್ಕೆ, ಹಾಕುವುದಕ್ಕಲ್ಲ. ಸಡಿಲಾದದ್ದೆಲ್ಲ ಹೋಗಬೇಕು. 3,000 ಪಿಎಸ್‌ಐಗೂ ಮೇಲಿನ ಒತ್ತಡದ ನೀರಿನಿಂದ ತೊಳೆಯುವುದು, ಉಕ್ಕಿನ ಸಣ್ಣ ಗುಂಡುಗಳನ್ನು ಎರಚುವ ಯಂತ್ರದಿಂದ ಮೈ ಒರಟು ಮಾಡುವುದು ರೂಢಿ. ಭಾರದ ಬ್ರೇಕರ್‌ನಿಂದ ಗುದ್ದಿದರೆ ಬೇಗ ಮುಗಿಯುತ್ತದೆ, ಆದರೆ ಉಳಿಯುವ ಕಾಂಕ್ರೀಟಿನಲ್ಲಿ ಸೂಕ್ಷ್ಮ ಬಿರುಕುಗಳನ್ನು ಬಿಟ್ಟುಹೋಗುತ್ತದೆ. ಹೊಸ ಪದರ ಮುಂದೆ ಆ ಬಿರುಕಿನಗುಂಟವೇ ಕಳಚುತ್ತದೆ. ಹಳೆ ಗೋಡೆಗೆ ಗಾರೆ ಮೆತ್ತುವ ಮೊದಲು ನಮ್ಮ ಗಾರೆಯವರು ಉಳಿಯಿಂದ ಕಚ್ಚು ಹಾಕಿ, ನೀರು ಎರಚಿ, ಸಿಮೆಂಟ್ ಹಾಲು ಬಳಿಯುತ್ತಾರೆ. ತತ್ವ ಅದೇ: ಹೊಸದಕ್ಕೆ ಹಿಡಿಯಲು ಒರಟು ಮೈ ಬೇಕು. ಹಳೆಯದು ಹೊಸದರ ನೀರನ್ನು ಹೀರದಷ್ಟು ಒದ್ದೆಯಾಗಿರಬೇಕು, ಆದರೆ ಮೇಲೆ ನೀರು ನಿಂತಿರಬಾರದು.

ಚೀಲದಲ್ಲಿ ಇರುವುದು ಪೋರ್ಟ್‌ಲ್ಯಾಂಡ್ ಸಿಮೆಂಟು, ನಯವಾದ ಮರಳು ಮತ್ತು ಪುಡಿರೂಪದ ಪಾಲಿಮರ್. ನೀರು ಸೇರಿದಾಗ ಪಾಲಿಮರಿನ ಕಣಗಳು ಹಾಲಿನಲ್ಲಿ ಕೊಬ್ಬಿನ ಹಾಗೆ ಹರಡಿಕೊಳ್ಳುತ್ತವೆ. ಸಿಮೆಂಟು ಗಟ್ಟಿಯಾಗಲು ನೀರನ್ನು ಬಳಸಿಕೊಳ್ಳುತ್ತ ಹೋದಂತೆ ಕಣಗಳು ಹತ್ತಿರ ಬಂದು, ಒಂದಕ್ಕೊಂದು ಬೆಸೆದು, ರಂಧ್ರಗಳ ಒಳಗೋಡೆಗೆ ತೆಳು ಪೊರೆಯಾಗುತ್ತವೆ. ಆ ಪೊರೆ ಹಳೆಯ ಕಾಂಕ್ರೀಟಿಗೆ ಅಂಟುತ್ತದೆ, ಸಣ್ಣ ಬಿರುಕುಗಳನ್ನು ದಾಟಿ ಹಿಡಿಯುತ್ತದೆ, ನೀರು ಇಂಗುವುದನ್ನು ತಗ್ಗಿಸುತ್ತದೆ. ಆದರೆ ಒಂದು ಮಟ್ಟಕ್ಕಿಂತ ತಣ್ಣಗಿದ್ದರೆ ಕಣಗಳು ಬೆಸೆಯುವುದೇ ಇಲ್ಲ. ಸಾಮಾನ್ಯವಾಗಿ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಈ ಕೆಲಸ ಬೇಡವೆನ್ನುವುದು ಅದಕ್ಕೇ. ಅದು ಗಾಳಿಯ ಉಷ್ಣತೆ ಮಾತ್ರವಲ್ಲ, ನೆಲದ ಉಷ್ಣತೆಯೂ ಹೌದು. ಅಕ್ಟೋಬರಿನ ಹಿತವಾದ ಮಧ್ಯಾಹ್ನದಲ್ಲೂ ನೆರಳಿನ ಹಾಸು ತಣ್ಣಗೇ ಇರುತ್ತದೆ, ರಾತ್ರಿ ಸೊನ್ನೆಗಿಳಿಯುತ್ತದೆ. ಹಾಗಾಗಿ ಪರ್ವತದ ಊರುಗಳಲ್ಲಿ ಈ ಕೆಲಸಕ್ಕೆ ಬೇಸಿಗೆಯ ಕೆಲವೇ ತಿಂಗಳು ಸಿಗುತ್ತವೆ.

ಬೇಸಿಗೆಗೂ ಅದರದೇ ಕಾಟ ಇದೆ. ಎತ್ತರದ ಊರಿನಲ್ಲಿ ಗಾಳಿ ಒಣ, ಬಿಸಿಲು ಚುರುಕು. ಆರು ಮಿಲಿಮೀಟರ್ ದಪ್ಪದ ಪದರವೆಂದರೆ ಒಂದು ಚದರ ಮೀಟರಿಗೆ ಆರು ಲೀಟರ್ ಗಾರೆ. ಅದರಲ್ಲಿರುವ ನೀರು ಹೆಚ್ಚುಕಡಿಮೆ ಒಂದೂವರೆ ಲೀಟರು. ಹಸಿ ಕಾಂಕ್ರೀಟಿನಿಂದ ಗಂಟೆಗೆ ಚದರ ಮೀಟರಿಗೆ ಒಂದು ಲೀಟರಿನಷ್ಟು ನೀರು ಆವಿಯಾದರೆ ಬಿರುಕು ಬೀಳುವ ಸಂಭವ ಹೆಚ್ಚು ಎಂದು ಎಂಜಿನಿಯರುಗಳು ಎಚ್ಚರಿಸುತ್ತಾರೆ. ಬಿಸಿಲು, ಗಾಳಿ ಎರಡೂ ಇರುವ ಒಣ ಮಧ್ಯಾಹ್ನದಲ್ಲಿ ಆ ಮಟ್ಟ ಮುಟ್ಟುವುದು ಕಷ್ಟವೇನಲ್ಲ. ಹತ್ತು ಸೆಂಟಿಮೀಟರಿನ ಹಾಸಿನಲ್ಲಾದರೆ ಕೆಳಗಿನಿಂದ ನೀರು ಬಂದು ಆ ನಷ್ಟವನ್ನು ತುಂಬೀತು. ಆರು ಮಿಲಿಮೀಟರಿನ ಪದರ ಒಂದೇ ಗಂಟೆಯಲ್ಲಿ ತನ್ನ ನೀರಿನ ಮೂರರಲ್ಲಿ ಎರಡು ಪಾಲು ಕಳೆದುಕೊಂಡು ಕೂರುತ್ತದೆ. ಬೆಳಗಿನ ತಂಪಿನಲ್ಲಿ, ನೆರಳಿನಲ್ಲಿ, ಸಣ್ಣ ಸಣ್ಣ ಭಾಗ ಮಾಡಿಕೊಂಡು ಕೆಲಸ ಮುಗಿಸಬೇಕೆನ್ನುವುದರ ಹಿಂದೆ ಇರುವುದು ಈ ಲೆಕ್ಕ.

ಕೆಲಸದ ಕ್ರಮ ಸರಳ. ಆಳದ ಗುಂಡಿಗಳನ್ನು ಮೊದಲೇ ದಪ್ಪ ಗಾರೆಯಿಂದ ತುಂಬಿ ಒಣಗಲು ಬಿಡಬೇಕು. ಅವುಗಳ ಅಂಚನ್ನು ಗರಗಸದಿಂದ ನೆಟ್ಟಗೆ ಕತ್ತರಿಸಬೇಕು, ಕಾಗದದಂತೆ ತೆಳುವಾಗುವ ಅಂಚು ಮೊದಲು ಒಣಗಿ ಮೊದಲು ಏಳುತ್ತದೆ. ಆಮೇಲೆ ತೆಳುವಾಗಿ ಕಲಸಿದ ಗಾರೆಯನ್ನು ಒರಟು ಪೊರಕೆಯಿಂದ ಮೈಗೆ ತಿಕ್ಕಿ, ಅದು ಒಣಗುವ ಮೊದಲೇ ಮೇಲೆ ಪದರ ಸುರಿದು, ಉದ್ದ ಕೋಲಿನ ರಬ್ಬರ್ ಪಟ್ಟಿಯಿಂದ ಎಳೆಯಬೇಕು. ಕೊನೆಗೆ ಒಂದೇ ದಿಕ್ಕಿನಲ್ಲಿ ಪೊರಕೆ. ಹಳೆಯ ಹಾಸಿನಲ್ಲಿ ಬಿಟ್ಟ ಸಂದುಗಳು ಹೊಸ ಪದರದಲ್ಲೂ ಅದೇ ಜಾಗದಲ್ಲಿ ಇರಲೇಬೇಕು. ಹಾಸು ಹಿಗ್ಗಿ ಕುಗ್ಗುವುದನ್ನು ನಿಲ್ಲಿಸಿಲ್ಲ. ನಾವು ಸಂದು ಬಿಡದಿದ್ದರೆ ಅದೇ ಬಿರುಕುಬಿಟ್ಟು ಸಂದು ಮಾಡಿಕೊಳ್ಳುತ್ತದೆ.

ಕ್ಯೂರಿಂಗ್ ವಿಷಯದಲ್ಲಿ ನಮ್ಮ ಅಭ್ಯಾಸ ಇಲ್ಲಿ ಅಡ್ಡ ಬರಬಹುದು. ಮಣ್ಣಿನ ಕಟ್ಟೆ ಕಟ್ಟಿ ವಾರಗಟ್ಟಲೆ ನೀರು ನಿಲ್ಲಿಸಿದಷ್ಟೂ ಒಳ್ಳೆಯದು ಎಂಬುದು ತಾರಸಿಗೆ ಸರಿ. ಪಾಲಿಮರ್ ಬೆರೆತ ಪದರಕ್ಕೆ ಮೊದಲ ಒಂದೆರಡು ದಿನ ಮಾತ್ರ ತೇವ ಬೇಕು, ಆಮೇಲೆ ಒಣಗಬೇಕು. ಒಣಗದೆ ಪೊರೆ ಕೂಡುವುದಿಲ್ಲ.

ಚಕ್ಕೆಯ ಬೆನ್ನು ಹೇಳುವ ಸಾಕ್ಷಿ

ಹೀಗೆ ಮಾಡಿದ ಪದರವೂ ಎದ್ದರೆ ತಪ್ಪು ಯಾರದು? ಎದ್ದ ಚಕ್ಕೆಯನ್ನು ಮಗುಚಿದರೆ ಗೊತ್ತಾಗುತ್ತದೆ. ಬೆನ್ನು ಶುಭ್ರವಾಗಿದ್ದರೆ ಹೊಸದು ಹಳೆಯದನ್ನು ಕಚ್ಚಿಯೇ ಇಲ್ಲ. ಧೂಳೋ ಎಣ್ಣೆಯೋ ನಿಂತ ನೀರೋ ನಡುವೆ ಇತ್ತು. ಬೆನ್ನಿಗೆ ಹಳೆಯ ಕಾಂಕ್ರೀಟಿನ ಮರಳು, ಜಲ್ಲಿ ಅಂಟಿಕೊಂಡಿದ್ದರೆ ಹೊಸದು ತನ್ನ ಕೆಲಸ ಮಾಡಿದೆ, ಹಳೆಯದು ಕೈಕೊಟ್ಟಿದೆ. ಎರಡನೆಯದಕ್ಕೆ ಸಾಮಾನ್ಯ ಕಾರಣವೆಂದರೆ ಕೆಳಗಿನ ಹಾಸಿನಲ್ಲಿ ಗಾಳಿಗುಳ್ಳೆಗಳು ಇಲ್ಲದಿರುವುದು, ನೀರು ಕೆಳಗಿನಿಂದಲೂ ಬದಿಯಿಂದಲೂ ಬರುತ್ತಲೇ ಇರುವುದು. ಮೇಲೆ ಎಷ್ಟೇ ಒಳ್ಳೆಯ ಪದರ ಹಾಕಿದರೂ ಆ ಹಾಸು ಒಳಗೇ ಒಡೆಯುತ್ತದೆ.

ಮೇಲೆ ಹೊಳಪಿನ ದಪ್ಪ ಲೇಪ ಬಳಿದು ನೀರು ತಡೆಯುತ್ತೇನೆಂದು ಹೊರಡುವುದೂ ಇದೇ ಕಾರಣಕ್ಕೆ ಅಪಾಯ. ಮೇಲಿನಿಂದ ನೀರು ಬಾರದಿರಬಹುದು, ಆದರೆ ಕೆಳಗಿನಿಂದ ಬಂದ ತೇವಕ್ಕೆ ಹೊರಹೋಗುವ ದಾರಿ ಮುಚ್ಚುತ್ತದೆ. ಸಿಲೇನ್, ಸಿಲೋಕ್ಸೇನ್ ಬಳಗದ ದ್ರವಗಳು ರಂಧ್ರಗಳ ಗೋಡೆಗೆ ಮಾತ್ರ ಹಚ್ಚಿಕೊಂಡು ನೀರನ್ನು ದೂಡುತ್ತವೆ, ಆವಿಯನ್ನು ಬಿಡುತ್ತವೆ. ಚಳಿ ನಾಡಿಗೆ ಇವು ಹೆಚ್ಚು ಹೊಂದುತ್ತವೆ. ಮನೆಯಿಂದ ಆಚೆಗೆ ಶೇ 2ರಷ್ಟು ಇಳಿಜಾರು, ಅಂದರೆ ಹತ್ತು ಅಡಿಗೆ ಸುಮಾರು ಎರಡೂವರೆ ಇಂಚು ಇದ್ದರೆ ಕರಗಿದ ಹಿಮ ನಿಲ್ಲದೆ ಹರಿದುಹೋಗುತ್ತದೆ. ಹೊಸ ಪದರಕ್ಕೆ ಮೊದಲ ಚಳಿಗಾಲ ಉಪ್ಪು ತೋರಿಸಬಾರದು. ಜಾರದಂತೆ ಮರಳು ಎರಚಿ, ಹಿಮವನ್ನು ಸಲಿಕೆಯಿಂದ ತೆಗೆಯಬೇಕು.

ಕೆಲಸಕ್ಕಾಗಿ ಹೋಗಿ ಡೆನ್ವರ್ ಸುತ್ತಲಿನ ಬಡಾವಣೆಗಳಲ್ಲಿ ಮನೆ ಕೊಂಡ ಕನ್ನಡಿಗರ ಮುಂದೆಯೂ ಒಂದಲ್ಲ ಒಂದು ವಸಂತದಲ್ಲಿ ಈ ಪ್ರಶ್ನೆ ಬರುತ್ತದೆ: ಒಡೆಯಬೇಕೆ, ಉಳಿಸಬೇಕೆ? 50 ಚದರ ಮೀಟರಿನ ಡ್ರೈವ್‌ವೇ ಎಂದುಕೊಳ್ಳಿ. ಒಡೆದರೆ ಹತ್ತು ಸೆಂಟಿಮೀಟರ್ ದಪ್ಪಕ್ಕೆ ಐದು ಘನಮೀಟರ್, ಸುಮಾರು 12 ಟನ್ ಹಳೆ ಕಾಂಕ್ರೀಟು ಹೊರಹೋಗಬೇಕು, ಅಷ್ಟೇ ಹೊಸದು ಬರಬೇಕು. ಅದರಲ್ಲಿ ಒಂದೂವರೆ ಟನ್ನಿನಷ್ಟು ಸಿಮೆಂಟು. ಆರು ಮಿಲಿಮೀಟರ್ ಪದರಕ್ಕೆ ಸಾಲುವುದು 600 ಕಿಲೋ ಆಸುಪಾಸಿನ ಗಾರೆ. ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಸಿಮೆಂಟ್ ಉದ್ಯಮದ ಪಾಲು ಸುಮಾರು ಶೇ 8 ಎಂಬುದನ್ನು ನೆನೆದರೆ, ಉಳಿಸಬಹುದಾದ ಹಾಸನ್ನು ಒಡೆಯುವುದು ಹಣಕ್ಕಷ್ಟೇ ಅಲ್ಲ, ಹವೆಗೂ ದಂಡ. ಉಳಿಯಲಾರದ ಹಾಸಿಗೆ ಪದರ ಎಳೆದು, ಎರಡು ವರ್ಷಕ್ಕೆ ಅದನ್ನೂ ಸೇರಿಸಿ ಒಡೆಯುವುದು ಇನ್ನೂ ದೊಡ್ಡ ದಂಡ.

ಹೀಗಾಗಿ ನಿರ್ಧಾರದ ಕ್ರಮ ಇಷ್ಟು. ನೆಲ ಎದ್ದಿದ್ದರೆ ಮೊದಲು ನೀರಿನ ದಾರಿ ತಿರುಗಿಸಬೇಕು, ಹಾಸಿನ ಮಾತು ಆಮೇಲೆ. ತಟ್ಟಿದಲ್ಲೆಲ್ಲ ಟೊಳ್ಳು ಕೇಳಿದರೆ ಒಡೆದು, ಗಾಳಿ ಸೇರಿಸಿದ ಕಾಂಕ್ರೀಟಿನಲ್ಲಿ ಹೊಸದು ಹಾಕಿಸಬೇಕು. ಹಾಸು ಗಟ್ಟಿಯಾಗಿದ್ದು ಹಕ್ಕಳೆ ಮೈಮೇಲಷ್ಟೇ ಇದ್ದರೆ, ಮೇ ತಿಂಗಳಿಂದ ಸೆಪ್ಟೆಂಬರಿನೊಳಗೆ ಒಂದು ತಂಪು ಬೆಳಿಗ್ಗೆ ನೋಡಿ ಪದರ ಎಳೆಯಬಹುದು. ಮೊದಲ ಚಳಿಗಾಲ ಕಳೆದ ಮೇಲೆ ಅದೇ ಸುತ್ತಿಗೆ ಹಿಡಿದು ಇನ್ನೊಮ್ಮೆ ತಟ್ಟಿದರೆ, ಕೆಲಸ ಸರಿಯಾಯಿತೋ ಇಲ್ಲವೋ ಎಂಬುದಕ್ಕೆ ಯಾವ ಕಂಟ್ರಾಕ್ಟರನ ಗ್ಯಾರಂಟಿ ಪತ್ರಕ್ಕಿಂತಲೂ ನಂಬುವಂಥ ಉತ್ತರ ಸಿಗುತ್ತದೆ.